ಅಜ್ಜನ ಕಾಲದ ಇಂಜಿನ್ ಖರೇನ ಯಾವ ಕಾಲದ್ದು? ಪತ್ತೆ ಹಚ್ಚೂದು ಹಿಂಗ

ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಕಡೆ ಹಳೆ ಬಾವಿ ಇದ್ದ ಹೊಲಕ್ಕ ಹೋದ್ರ ಬಾವಿ ಬಾಜೂಕ ಒಂದು ತಗಡಿನ ಶೆಡ್ ಇರ್ತೈತಿ, ಅದರೊಳಗ ಒಂದು ಡೀಸೆಲ್ ಇಂಜಿನ್ ಜಂಗ ಹಿಡಿದು ಕುಂತಿರ್ತೈತಿ, ಕರೆಂಟ್ ಮೋಟರ್ ಬಂದ ಮ್ಯಾಲೆ ಅದರ ಕಡೆ ಯಾರೂ ಹೊಳ್ಳಿ ನೋಡಿರೂದಿಲ್ಲ. ಗುಜರಿಯವ್ರು ವರ್ಷಕ್ಕೊಮ್ಮೆ ಬಂದು ಕಿಲೋ ಲೆಕ್ಕದಾಗ ಕೇಳಿ ಹೋಗ್ತಾರ. ಕೊಡೂದು ಬಿಡೂದು ನಿಮಗ ಬಿಟ್ಟಿದ್ದು, ಆದ್ರ ಕೊಡೂಕಿಂತ ಮೊದ್ಲ ಅದು ಯಾವ ಕಂಪನಿದು, ಎಷ್ಟು ಹಳೇದು, ಒರಿಜಿನಲ್ಲೋ ನಕಲೋ ಅಂತ ತಿಳ್ಕೊಂಡ್ರ ಚಲೋ. ಚಾಲೂ ಮಾಡೂ ವಿಚಾರ ಇದ್ದವ್ರಿಗಂತೂ ಇದು ಬೇಕೇ ಬೇಕು, ಯಾಕಂದ್ರ ಯಾವ ಜಾತಿ ಇಂಜಿನ್ ಅಂತ ಗೊತ್ತಿಲ್ಲದ ಸ್ಪೇರ್ ತರಾಕ ಹೋದ್ರ ಬಸ್ ಚಾರ್ಜ್ ದಂಡ.

ಮೊದಲನೇ ಮಾತು, ಗಡಿಬಿಡಿ ಮಾಡಿ ಹ್ಯಾಂಡಲ್ ಹೊಡೀಬ್ಯಾಡ್ರಿ. ಭಾಳ ವರ್ಷ ನಿಂತ ಇಂಜಿನ್ ಒಳಗ ರಿಂಗ್ ಅಂಟಿರ್ತಾವ, ಪತ್ತೆ ಹಚ್ಚೂ ಕೆಲಸಕ್ಕ ಇಂಜಿನ್ ತಿರುಗೂದೂ ಬೇಕಾಗಿಲ್ಲ. ಬಣ್ಣ ಸೈತ ಹಚ್ಚಬ್ಯಾಡ್ರಿ, ವೈರ್ ಬ್ರಷ್ ಹಾಕಿ ತಿಕ್ಕಬ್ಯಾಡ್ರಿ. ಹುಡುಗ್ರು ಹುರುಪಿನ್ಯಾಗ ಗ್ರೈಂಡರ್ ಹಚ್ಚಿ ಹೊಳಪು ಮಾಡಿಬಿಡ್ತಾರ, ಅದರ ಜೋಡಿ ನಂಬರೂ ಅಳಿಸಿ ಹೋಗ್ತೈತಿ.

ಒಂದು ಅರಬಿ ಡೀಸೆಲ್‌ದಾಗ ತೋಯ್ಸಿ ಇಂಜಿನ್ ಮ್ಯಾಲಿನ ಹೆಸರಿನ ಫಲಕದ ಮ್ಯಾಲೆ ಇಟ್ಟು ಒಂದು ರಾತ್ರಿ ಹಂಗ ಬಿಡ್ರಿ. ಮರುದಿನ ಜಿಡ್ಡು ಮೆತ್ತಗಾಗಿರ್ತೈತಿ, ಹಳೆ ಹಲ್ಲಿನ ಬ್ರಷ್‌ಲೆ ಹಗೂರಕ ತಿಕ್ಕಿ ಒರಸ್ರಿ. ಅಕ್ಷರ ಇನ್ನೂ ಕಾಣಸ್ಲಿಲ್ಲ ಅಂದ್ರ ಸಾಲಿ ಸುಣ್ಣದ ಕಡ್ಡಿ ತಗೊಂಡು ಫಲಕದ ತುಂಬ ಬಳೀರಿ, ಆಮ್ಯಾಲೆ ಅಂಗೈಲೆ ಒರಸ್ರಿ, ಮ್ಯಾಲಿನ ಸುಣ್ಣ ಹೋಗಿ ತಗ್ಗಿನೊಳಗ ಕುಂತಿದ್ದು ಉಳಿತೈತಿ, ಅಕ್ಷರ ಬೆಳ್ಳಗ ಎದ್ದು ಕಾಣ್ತಾವ. ಮೊಬೈಲ್ ಟಾರ್ಚ್ ಎದುರಿಗೆ ಹಿಡೀಬ್ಯಾಡ್ರಿ, ಬಾಜೂಕಿಂದ, ಹೆಚ್ಚು ಕಡಿಮಿ ಫಲಕಕ್ಕ ತಾಗಿಸಿ ಹಿಡೀರಿ, ನೆರಳು ಬಿದ್ದು 3 ಯಾವುದು 8 ಯಾವುದು ಅಂತ ಗೊತ್ತಾಗ್ತೈತಿ. ಅಲ್ಲೇ ಫೋಟೋ ತಗೀರಿ, ನಾಕು ಕಡೆಯಿಂದ.

ಫಲಕ ಕಿತ್ತು ಹೋಗಿದ್ರ ಹೆದರಬ್ಯಾಡ್ರಿ, ನಂಬರ್ ಬ್ಲಾಕಿನ ಮ್ಯಾಲೆ ಸಪಾಟ ಜಾಗಾದಾಗ, ಇಲ್ಲಾ ಗಾಲಿ (ಫ್ಲೈವೀಲ್) ಮ್ಯಾಲೆ ಪಂಚ್ ಹೊಡೆದಿರಬಹುದು, ಹುಡುಕ್ರಿ. ಇಲ್ಲಿ ಒಂದು ಫರಕ್ ತಿಳ್ಕೋರಿ. ಉಬ್ಬಿದ ನಂಬರ್ ಎರಕದ್ದು, ಅದು ಆ ಪಾರ್ಟಿಂದು, ಅಂಥಾ ಸಾವಿರಾರು ಬ್ಲಾಕಿನ ಮ್ಯಾಲೆ ಅದೇ ನಂಬರ್ ಇರ್ತೈತಿ. ತಗ್ಗಾಗಿ ಪಂಚ್ ಹೊಡೆದ ನಂಬರ್ ಅಷ್ಟೇ ನಿಮ್ಮ ಇಂಜಿನ್ನಿಂದು. ಭಾಳ ಮಂದಿ ಉಬ್ಬಿದ ನಂಬರ್ ಬರ್ಕೊಂಡು ಹೋಗಿ ಡೀಲರ್ ಮುಂದ ನಿಂದರ್ತಾರ.

ಇನ್ನ ಫಲಕ ಓದೂದು. ಇಸ್ವಿ ನೇರವಾಗಿ ಹಾಕಿದ್ದು ಕಡಿಮಿ, ಆದ್ರ ಬ್ಯಾರೆ ಸುಳಿವು ಇರ್ತಾವ. ಊರಿನ ಹೆಸರು ನೋಡ್ರಿ, ‘ಪೂನಾ’ ಅಂತ ಇದ್ರ ಹೆಚ್ಚಾಗಿ 1978ಕ್ಕಿಂತ ಹಿಂದಿಂದು, ಆ ವರ್ಷ ಅದು ಅಧಿಕೃತವಾಗಿ ಪುಣೆ ಆತು. ಮಾರಿದ ಅಂಗಡಿಯವ್ರೂ ತಮ್ಮದೊಂದು ಸಣ್ಣ ಪಟ್ಟಿ ಹೊಡಿಸ್ತಿದ್ರು, ಅದರ ವಿಳಾಸದಾಗ ಪಿನ್‌ಕೋಡ್ ಇದ್ರ 1972ರ ಅಗಸ್ಟ್ ನಂತರದ್ದು. ರಾಜ್ಯದ ಹೆಸರು ಇದ್ರಂತೂ ಇನ್ನೂ ಚಲೋ, ನಮ್ಮ ಬೆಳಗಾವಿ, ಬಾಗಲಕೋಟಿ, ಬಿಜಾಪುರ ಭಾಗ 1956ರ ತನಕ ಮುಂಬಯಿ ರಾಜ್ಯದಾಗ ಇತ್ತು, ಆಮ್ಯಾಲೆ ಮೈಸೂರು ರಾಜ್ಯ, 1973ರ ನವೆಂಬರ್ 1ರಿಂದ ಕರ್ನಾಟಕ. ಹಂಗಾಗಿ ‘ಬಿಜಾಪುರ, ಮೈಸೂರು ರಾಜ್ಯ’ ಅಂತ ಪಟ್ಟಿ ಮ್ಯಾಲೆ ಇದ್ರ ಹದಿನೇಳು ವರ್ಷದ ಸಂದಿಯೊಳಗ ಸಿಕ್ಕಂಗ ಆತು. ಬಾಗಲಕೋಟೆ ‘ಜಿಲ್ಲಾ’ ಅಂತ ಇದ್ರ 1997ರ ಈಚೆಂದು, ಅದಕ್ಕೂ ಮೊದ್ಲ ಬಾಗಲಕೋಟಿ ಬಿಜಾಪುರ ಜಿಲ್ಲಾದಾಗ ಇತ್ತು.

ಐಎಸ್ (ಇಂಡಿಯನ್ ಸ್ಟ್ಯಾಂಡರ್ಡ್) ನಂಬರ್ ನೋಡಿ ಮೋಸ ಹೋಗಬ್ಯಾಡ್ರಿ. ‘ಐಎಸ್ 1601-1960’ ಅಂತ ಇದ್ರ ಇಂಜಿನ್ 1960ರದ್ದು ಅಂತ ಅರ್ಥ ಅಲ್ಲ, ಅದು ಆ ಸ್ಟ್ಯಾಂಡರ್ಡ್ ಬಂದ ವರ್ಷ, ಇಂಜಿನ್ ಆಮ್ಯಾಲೆ ಹತ್ತು ಹದಿನೈದು ವರ್ಷಕ್ಕೂ ಆಗಿರಬಹುದು. ಆದ್ರ ಆ ವರ್ಷಕ್ಕಿಂತ ಹಿಂದಿಂದು ಅಂತೂ ಅಲ್ಲ, ಅಷ್ಟು ಗಟ್ಟಿ. ಮುಂದ 1981ರಾಗ ಐಎಸ್ 10001 ಬಂತು, ಆ ನಂಬರ್ ಇದ್ರ ನಿಮ್ಮ ಅಜ್ಜ ತಂದಿದ್ದು ಅನ್ನೂದು ಸ್ವಲ್ಪ ಅನುಮಾನ, ನಿಮ್ಮಪ್ಪ ತಂದಿರಬೇಕು.

ಈಗ ಎಲ್ಲಾರೂ ಗೊಂದಲ ಮಾಡ್ಕೊಳ್ಳೂ ಜಾಗಾಕ್ಕ ಬಂದ್ವಿ, ಇಲ್ಲಿ ಸ್ವಲ್ಪ ಇತಿಹಾಸ ಬೇಕ್ರಿ, ಅದೂ ನಮ್ಮ ಊರಿಂದ. ನಮ್ಮ ಕಡೆ ಇಂಜಿನ್ ಮ್ಯಾಲೆ ಭಾಳ ಸಲ ಕಾಣೂ ಹೆಸರು ಕಿರ್ಲೋಸ್ಕರ್. ಮನಿತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಾಗ ಬೆಳಗಾವಿ ಜಿಲ್ಲಾದ ಗುರ್ಲಹೊಸೂರಿನ್ಯಾಗ. (ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವ್ರು, ಸಣ್ಣ ಊರು, ಹೆಸರು ಎರಡು ಕಡೆ ದೊಡ್ಡದು.) ಲಕ್ಷ್ಮಣರಾವ್ ಮುಂಬೈದಾಗ ವಿಕ್ಟೋರಿಯಾ ಜುಬಿಲಿ ಇನ್‌ಸ್ಟಿಟ್ಯೂಟಿನ್ಯಾಗ ಕಲಿಸ್ತಿದ್ರು, ಅಣ್ಣನ ಜೋಡಿ ಬೆಳಗಾವಿಯೊಳಗ ಸೈಕಲ್ ಅಂಗಡಿ ಹಾಕಿದ್ರು, ಕಂಪನಿ ತನ್ನ ಲೆಕ್ಕ 1888ರಿಂದ ಹಿಡಿತೈತಿ. ಸೈಕಲ್ ಆದ ಮ್ಯಾಲೆ ಮೇವು ಕತ್ತರಿಸೂ ಮಷೀನು, ಕಬ್ಬಿಣದ ನೇಗಿಲು. ಕಟಗಿ ನೇಗಿಲು ಬಿಟ್ಟು ಕಬ್ಬಿಣದ್ದು ಹಚ್ಚಿದ್ರ ಭೂಮಿಗೆ ವಿಷ ಏರ್ತೈತಿ ಅಂತ ರೈತ್ರು ಹೆದರ್ತಿದ್ರಂತ, ಹಿಂಗಾಗಿ ಮೊದಲ ನೇಗಿಲು ಮಾರಾಟ ಆಗಾಕನ ಎರಡು ವರ್ಷ ಹಿಡೀತು ಅಂತ ಹೇಳ್ತಾರ.

ಮುಂದ ಬೆಳಗಾವಿ ಮುನ್ಸಿಪಾಲ್ಟಿಗೆ ಊರು ಬೆಳೆಸಾಕ ಅವ್ರ ಜಾಗಾ ಬೇಕಾತು, ಕಾರ್ಖಾನಿ ಎತ್ತಬೇಕಾತು. ಔಂಧ ಸಂಸ್ಥಾನದ ರಾಜಾ ಬಾಳಾಸಾಹೇಬ ಪಂತ ಪ್ರತಿನಿಧಿಯವ್ರು ಕುಂಡಲ್ ರೋಡ್ ಸ್ಟೇಶನ್ ಹತ್ರ 32 ಎಕರೆ ಜಾಗಾ, ಹತ್ತು ಸಾವಿರ ರೂಪಾಯಿ ಸಾಲ ಕೊಟ್ರು. ಬರೇ ಪಾಪಾಸಕಳ್ಳಿ ಬೆಳೆದ ಬರಡು ಭೂಮಿ. 1910ರಾಗ ಅಲ್ಲಿ ಎದ್ದಿದ್ದು ಕಿರ್ಲೋಸ್ಕರವಾಡಿ, ಈಗ ಸಾಂಗ್ಲಿ ಜಿಲ್ಲಾ, ಮಿರಜದಿಂದ ಪುಣೆ ಕಡೆ ರೈಲಿನ್ಯಾಗ ಹೋಗೂ ಮುಂದ ಸ್ಟೇಶನ್ ಸಿಗ್ತೈತಿ. ನನ್ನ ಕೇಳಿದ್ರ ಬೆಳಗಾವಿ ಕಳ್ಕೊಂಡ ದೊಡ್ಡ ಆಸ್ತಿ ಇದೇ, ಒಂದು ಬಡಾವಣಿ ಸಲುವಾಗಿ.

ಈಗ ಕೆಲಸಕ್ಕ ಬರೂ ಮಾತು. ಹೆಸರು ಒಂದ, ಕಾರ್ಖಾನಿ ಬ್ಯಾರೆ ಬ್ಯಾರೆ. ಪಂಪು ಮಾಡೂ ಕಿರ್ಲೋಸ್ಕರ್ ಬ್ರದರ್ಸ್ ಕಿರ್ಲೋಸ್ಕರವಾಡಿಯೊಳಗ. ಲೇಥ್ ಮಾಡೂ ಮೈಸೂರು ಕಿರ್ಲೋಸ್ಕರ್ 1941ರಾಗ ಹರಿಹರದಾಗ. ಡೀಸೆಲ್ ಇಂಜಿನ್ ಮಾಡೂ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ 1946ರಾಗ ಪುಣೆ ಬಾಜೂ ಖಡಕಿಯೊಳಗ, ಅದನ್ನ ಎಬ್ಬಿಸಿದವ್ರು ಲಕ್ಷ್ಮಣರಾಯರ ಮಗ, ಅಮೆರಿಕಾದ ಎಂಐಟಿಯೊಳಗ ಕಲಿತು ಬಂದ ಶಂತನುರಾವ್. ಅದೇ 1946ರಾಗ ಮೋಟರ್ ಮಾಡೂ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬೆಂಗಳೂರಿನ್ಯಾಗ. ನಿಮ್ಮ ಶೆಡ್ಡಿನ್ಯಾಗ ಇಂಜಿನ್ ಮತ್ತ ಪಂಪು ಒಂದ ಅಡಿಪಾಯದ ಮ್ಯಾಲೆ ಕುಂತಿರ್ತಾವ, ಎರಡರ ಮ್ಯಾಲೂ ಅದೇ ಹೆಸರು, ಮಂದಿ ಪಂಪಿನ ಫಲಕ ಓದಿ ಇಂಜಿನ್ ವಯಸ್ಸು ಹೇಳಿಬಿಡ್ತಾರ. ಹಂಗ ಮಾಡಬ್ಯಾಡ್ರಿ, ಎರಡೂ ಬ್ಯಾರೆ ಊರಿಂದ ಬ್ಯಾರೆ ವರ್ಷ ಬಂದಿರಬಹುದು, ಪಂಪು ಎಷ್ಟು ಸಲ ಬದಲಾಗಿರ್ತೈತೋ ದೇವರಿಗೇ ಗೊತ್ತು. ಖಡಕಿ ಫಲಕ ಇದ್ದ ಇಂಜಿನ್ 1946ಕ್ಕಿಂತ ಮೊದಲಿಂದು ಇರಾಕ ಸಾಧ್ಯ ಇಲ್ಲ, ‘ನಮ್ಮ ಮುತ್ಯಾ ಬ್ರಿಟಿಷರ ಕಾಲದಾಗ 1930ಕ್ಕ ತಂದಿದ್ದು’ ಅಂತ ಮನ್ಯಾಗ ಎಷ್ಟ ಹೇಳಿದ್ರೂ. ಮುತ್ಯಾ 1930ಕ್ಕ ತಂದಿದ್ದು ಬ್ಯಾರೆ ಇಂಜಿನ್ ಇದ್ದೀತು, ಅದನ್ನ ಮಾರಿ ಇದನ್ನ ಕುಂದರ್ಸಿರಬಹುದು.

ಫಲಕನೂ ಇಲ್ಲ, ನಂಬರೂ ಅಳಿಸೈತಿ, ಆವಾಗ? ದೇಹ ನೋಡಿ ಜಾತಿ ಹೇಳಬೇಕು.

ಎರಡೂ ಕಡೆ ದೊಡ್ಡ ಭಾರಿ ಗಾಲಿ, ಎತ್ತರದ ಒಂದ ಸಿಲಿಂಡರ್, ಗಾಲಿ ಅರೆಗಳು ಎದ್ದು ಕಾಣ್ತಾವ ಅಂದ್ರ ಅದು ಲಿಸ್ಟರ್ ಟೈಪ್. ಹಿಟ್ಟಿನ ಗಿರಣಿ, ಕಬ್ಬಿನ ಗಾಣಕ್ಕ ಪಟ್ಟಾ ಹಾಕಿ ಓಡಸ್ತಿದ್ದಿದ್ದು ಇದ. ಗಾಲಿ ಸಣ್ಣದು, ಮೈ ಗಿಡ್ಡ, ಪಂಪಿಗೆ ನೇರ ಜೋಡಿಸೈತಿ ಅಂದ್ರ 1500 ಆರ್‌ಪಿಎಂದ (ನಿಮಿಷಕ್ಕ 1500 ಸುತ್ತು) ಹೈ ಸ್ಪೀಡ್ ಜಾತಿ, ಅಂಗಡ್ಯಾಗ ಪೀಟರ್ ಟೈಪ್ ಅಂತಾರ. ಕಿರ್ಲೋಸ್ಕರ್ ಎವಿ-1 ಅಂತ ಐದು ಎಚ್‌ಪಿದು ಇದ ಜಾತಿ, ನಮ್ಮ ಕಡೆ ಬಾವಿ ಮ್ಯಾಲೆ ಭಾಳ ಇದ್ದಿದ್ದು ಇದೇ.

ಇಂಜಿನ್ ಚಾಲೂ ಇದ್ರ ಸದ್ದಿನ ಮ್ಯಾಲೂ ಹೇಳಬಹುದು. ಮೊಬೈಲಿನ್ಯಾಗ ಹತ್ತು ಸೆಕೆಂಡ್ ರೆಕಾರ್ಡ್ ಮಾಡ್ರಿ, ಸ್ಲೋ ಮಾಡಿ ಹಚ್ಚಿ ಸೈಲೆನ್ಸರ್ ಹೊಡೆತ ಎಣಿಸ್ರಿ. ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಎರಡು ಸುತ್ತಿಗೆ ಒಂದ ಸಲ ಹೊಡಿತೈತಿ, ಹಂಗಾಗಿ 650 ಆರ್‌ಪಿಎಂದ ಲಿಸ್ಟರ್ ಟೈಪ್ ಹತ್ತು ಸೆಕೆಂಡಿಗೆ ಸುಮಾರು 54 ಹೊಡೆತ, 1500ದ್ದು 125. ಮೊದಲಿಂದು ದುಕ್ ದುಕ್ ಅಂತ ದೂರದ ಹೊಲದಾಗೂ ಎಣಿಸೂ ಹಂಗ ಕೇಳ್ತೈತಿ, ಎರಡನೇದು ಬರೇ ಭರ್ರ್.

ಆದ್ರ ಖರೇ ಸಾಕ್ಷಿ ಅಂದ್ರ ಬೋರ್ (ಸಿಲಿಂಡರಿನ ಒಳಗಿನ ಅಗಲ) ಮತ್ತ ಸ್ಟ್ರೋಕ್ (ಪಿಸ್ಟನ್ ಮ್ಯಾಲೆ ಕೆಳಗ ಓಡಾಡೂ ದೂರ). ಗ್ಯಾಸ್ಕೆಟ್ ಸಲುವಾಗಿ ಹೆಂಗಿದ್ರೂ ಹೆಡ್ ಬಿಚ್ಚಿಸ್ತೀರಿ, ಆವಾಗ ಫಿಟ್ಟರ್ ಕೈಯಾಗಿನ ವರ್ನಿಯರ್ ಇಸ್ಕೊಂಡು ಅಳೀರಿ. ಬೋರ್ ಅಳಿಯೂ ಮುಂದ ಲೈನರ್ ತುದಿಗೆ, ರಿಂಗ್ ಮುಟ್ಟದ ಮ್ಯಾಲಿನ ಅಂಚಿನ್ಯಾಗ ಅಳೀರಿ, ಕೆಳಗ ಸವೆದಿರ್ತೈತಿ. ಸ್ಟ್ರೋಕಿಗೆ ಪಿಸ್ಟನ್ ಪೂರ್ತಿ ಮ್ಯಾಲೆ ತಂದು ಬ್ಲಾಕಿನ ಮುಖದಿಂದ ಆಳ ಅಳೀರಿ, ಪೂರ್ತಿ ಕೆಳಗ ಇಳಿಸಿ ಮತ್ತ ಅಳೀರಿ, ಎರಡರ ವ್ಯತ್ಯಾಸನ ಸ್ಟ್ರೋಕ್. 114.3 ಮತ್ತ 139.7 ಮಿಮೀ ಬಂತಂದ್ರ, ಅಂದ್ರ ನಾಕೂವರೆ ಇಂಚು ಮತ್ತ ಐದೂವರೆ ಇಂಚು, ಕಣ್ಣು ಮುಚ್ಚಿ ಲಿಸ್ಟರ್ ಟೈಪ್ ಅನ್ರಿ, 1433 ಸಿಸಿ. ಆರು ಎಚ್‌ಪಿದು 650, ಎಂಟು ಎಚ್‌ಪಿದು 850 ಆರ್‌ಪಿಎಂ, ಎರಡಕ್ಕೂ ಇದ ಅಳತಿ. 80 ಮತ್ತ 110 ಬಂದ್ರ ಎವಿ-1, 553 ಸಿಸಿ. 87.5 ಮತ್ತ 110 ಬಂದ್ರ ಅದರ ತಮ್ಮ ಟಿವಿ-1, 661 ಸಿಸಿ, ಇಂಜಿನಿಯರಿಂಗ್ ಕಾಲೇಜ್ ಲ್ಯಾಬಿನ್ಯಾಗ ಹುಡುಗ್ರು ಬಯೋಡೀಸೆಲ್ ಹಾಕಿ ಟೆಸ್ಟ್ ಮಾಡೂದು ಬಹಳ ಮಟ್ಟಿಗೆ ಇದರ ಮ್ಯಾಲೇ. ಬೋರ್ ಸ್ವಲ್ಪ ಹೆಚ್ಚು ಬಂದ್ರ ಗಾಬರಿ ಬ್ಯಾಡ, ಯಾರೋ ಹಿಂದ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿರ್ತಾರ. ಸ್ಟ್ರೋಕ್ ಮಾತ್ರ ಯಾರಿಂದೂ ಬದಲಾಗೂದಿಲ್ಲ, ಅದು ಕ್ರ್ಯಾಂಕಿನ್ಯಾಗ ಐತಿ. ಜಗಳ ಬಿದ್ರ ಸ್ಟ್ರೋಕ್ ನಂಬ್ರಿ.

ಲಿಸ್ಟರ್ ‘ಟೈಪ್’ ಅಂತ ಯಾಕ ಒತ್ತಿ ಹೇಳ್ತೀನಿ ಅಂದ್ರ, ಖರೇ ಲಿಸ್ಟರ್ ಬ್ಯಾರೆ, ನಮ್ಮಲ್ಲಿ ಇರೂವು ಭಾಳಷ್ಟು ಬ್ಯಾರೆ. ಖರೇದು ಇಂಗ್ಲೆಂಡಿನ ಡರ್ಸ್ಲಿ ಅನ್ನೂ ಸಣ್ಣ ಊರಿಂದು, ರಾಬರ್ಟ್ ಆಶ್ಟನ್ ಲಿಸ್ಟರ್ ಅಂಬಾವ 1867ರಾಗ ಹಾಕಿದ್ದು. ಅದೂ ಮನಿತನದ ಕಂಪನಿ, ಅದೂ ರೈತರ ಸಾಮಾನಿಂದನ ಮ್ಯಾಲೆ ಬಂದದ್ದು, ಹಾಲಿನ ಕೆನಿ ತಗಿಯೂ ಮಷೀನ್ ಅವ್ರದು ಹೆಸರುವಾಸಿ, ಮಜಾ ಅಂದ್ರ ಅಲ್ಲೂ ಒಂದು ಸೈಕಲ್ ಕಥಿ ಐತಿ, ಡರ್ಸ್ಲಿ ಪೆಡರ್ಸನ್ ಅಂತ ಸೈಕಲ್ ತಯಾರಾಗಿದ್ದು ಅದೇ ಊರಾಗ. 1920ರ ದಶಕದಾಗ ಮೊಮ್ಮಕ್ಕಳ ಕೈಗೆ ಬಂತು, ಪರ್ಸಿ ಲಿಸ್ಟರ್ ಮುಂದಾಳು, ಆವಾಗ ಹೊರಗ ಬಂದಿದ್ದು ಈ ಸಿಎಸ್ ಡೀಸೆಲ್. ಸಿಎಸ್ ಅಂದ್ರ ಕೋಲ್ಡ್ ಸ್ಟಾರ್ಟಿಂಗ್, ಅದಕ್ಕೂ ಹಿಂದಿನ ಎಷ್ಟೋ ಇಂಜಿನ್ನಿಗೆ ಸ್ಟೋವಿನಂಥಾ ದೀಪ ಹಚ್ಚಿ ತಲಿ ಕೆಂಪಗ ಕಾಸಬೇಕಿತ್ತು, ಇದಕ್ಕ ಬರೇ ಹ್ಯಾಂಡಲ್ ಹೊಡೆದ್ರ ಸಾಕು. 1965ರಾಗ ಕಂಪನಿ ಹಾಕರ್ ಸಿಡ್ಲಿ ಕೈಗೆ ಹೋತು, ಮನಿತನದ ಕಾಲ ಮುಗೀತು.

ಅದರ ನಕಲು ರಾಜಕೋಟದಾಗ ಹತ್ತಾರು ಕಾರ್ಖಾನ್ಯಾಗ ಆಗ್ಯಾವ, ದೇಶ ತುಂಬ ಹೋಗ್ಯಾವ, ಹೊರದೇಶಕ್ಕೂ ಹೋಗ್ಯಾವ. ಗುರುತಿಸೂದು ಹೆಂಗ? ಖರೇದರ ಮ್ಯಾಲೆ ಡರ್ಸ್ಲಿ ಹೆಸರು ಎರಕದಾಗ ಇಲ್ಲಾ ಫಲಕದಾಗ ಇರ್ತೈತಿ. ನಕಲಿನ ಮ್ಯಾಲೆ ಬ್ಯಾರೆ ಬ್ರ್ಯಾಂಡಿನ ಹೆಸರು, ಒಳಗ ಕ್ರ್ಯಾಂಕ್‌ಕೇಸಿನ ಬಾಗಲ ತಗದು ಬಳ್ಳಲೆ ಸವರಿದ್ರ ಎರಕದ ಮಳಲು ಇನ್ನೂ ಹತ್ತತೈತಿ ಕೆಲವದರಾಗ, ಬಣ್ಣ ಹಚ್ಚದ ಹಂಗ ಬಿಟ್ಟಿರ್ತಾರ. ಆ ಮಳಲು ಆಯಿಲಿನ್ಯಾಗ ಕೂಡಿ ಬೇರಿಂಗ್ ತಿಂತೈತಿ, ಚಾಲೂ ಮಾಡೂ ವಿಚಾರ ಇದ್ರ ಮೊದ್ಲ ಒಳಗ ಪೂರ್ತಿ ತೊಳಸ್ರಿ. ಆದ್ರೂ ನಕಲಿಗೆ ಸಸಾರ ಮಾಡಬ್ಯಾಡ್ರಿ, ನಮ್ಮ ಭಾಗದ ಅರ್ಧ ಗಿರಣಿ ನಡದಿದ್ದು ಅದರ ಮ್ಯಾಲೇ. ಸಾತಾರಾದ ಕೂಪರ್ ಅಂತಾವೂ ಅಲ್ಲೊಂದು ಇಲ್ಲೊಂದು ಸಿಗ್ತಾವ, ಅವು ಬ್ಯಾರೆ ಮನಿತನದ ಕಥಿ, ಇಲ್ಲಿ ಬ್ಯಾಡ.

ಇನ್ನೊಂದು ಮೋಸದ ಜಾಗಾ ಅಂದ್ರ ಡೀಸೆಲ್ ಪಂಪ್ ಮತ್ತ ನೋಝಲ್. ಅದರ ಮ್ಯಾಲೆ ಮೈಕೋ ಅಂತ ಛಂದಾಗಿ ಕಾಣ್ತೈತಿ. ಮೈಕೋ ಬೆಂಗಳೂರಿನ ಕಂಪನಿ, 1951ರಾಗ ಶುರುವಾಗಿದ್ದು, 2008ರಾಗ ಬಾಷ್ ಅಂತ ಹೆಸರು ಬದಲಾತು. ಮೈಕೋ ಪಂಪ್ ಐತಿ ಅಂದ್ರ ಆ ಪಂಪ್ 1951ರ ಈಚೆಂದು, ಇಂಜಿನ್ ಅಲ್ಲ. ಪಂಪ್, ನೋಝಲ್, ಸೈಲೆನ್ಸರ್, ಟಾಕಿ ಇವೆಲ್ಲಾ ಬದಲಾಗೂ ಸಾಮಾನು, ಇವುಗಳ ಮ್ಯಾಲೆ ವಯಸ್ಸು ಹೇಳಬ್ಯಾಡ್ರಿ. ಬ್ಲಾಕ್, ಕ್ರ್ಯಾಂಕ್, ಗಾಲಿ, ಇವು ಮೂರು ಕೂಡಿ ಏನ ಹೇಳ್ತಾವ ಅದು ಖರೆ.

ಇನ್ನ ಕಾಗದ. ದೇವರ ಮನಿ ಟ್ರಂಕಿನ್ಯಾಗ ಹಳೆ ಬಿಲ್ ಸಿಕ್ರ ಮೊದ್ಲ ರೊಕ್ಕದ ಲೆಕ್ಕ ನೋಡ್ರಿ. ಆಣೆ, ಪೈ ಇದ್ರ 1957ರ ಏಪ್ರಿಲ್ ಹಿಂದಿಂದು. ‘ನಯಾ ಪೈಸೆ’ ಅಂತ ಇದ್ರ ಅಲ್ಲಿಂದ 1964ರ ತನಕ. ಬಿಲ್ ಇಲ್ಲಂದ್ರ ಹೊಲದ ಉತಾರ (ಪಹಣಿ) ತಗಸ್ರಿ. ಆವಾಗೂ ಇಂಜಿನ್ ನಗದಿ ಕೊಟ್ಟು ತಂದವ್ರು ಕಡಿಮಿ, ಸೊಸೈಟಿ ಇಲ್ಲಾ ಭೂ ಅಭಿವೃದ್ಧಿ ಬ್ಯಾಂಕಿನ್ಯಾಗ ಹೊಲ ಅಡಾ ಇಟ್ಟು ಸಾಲ ತಗದಿರ್ತಾರ, ಆ ಬೋಜಾ ಉತಾರದಾಗ ಏರಿರ್ತೈತಿ. ತಹಶೀಲ್ದಾರ ಆಫೀಸ್ ರೆಕಾರ್ಡ್ ರೂಮಿನ್ಯಾಗ ಸರ್ವೆ ನಂಬರ್ ಕೊಟ್ಟು ಹಳೆ ಕೈಬರಹದ ಉತಾರ ಮತ್ತ ಆ ಬೋಜಾದ ಡೈರಿ (ಹಕ್ಕು ಬದಲಾವಣಿ ನೋಂದಣಿ) ನಕಲು ಕೇಳ್ರಿ, ಕಂಪ್ಯೂಟರ್ ಉತಾರದಾಗ ಹಳೇದು ಇರೂದಿಲ್ಲ. ಒಮ್ಮೊಮ್ಮೆ ಡೈರಿಯೊಳಗ ‘ಇಂಜಿನ್ ಪಂಪ್‌ಸೆಟ್ ಸಲುವಾಗಿ’ ಅಂತ ತಾರೀಖು ಸಮೇತ ಬರದಿರ್ತಾರ. ಅಷ್ಟು ಸಿಕ್ರ ಗೆದ್ರಿ.

ಹಿರಿಯರನ್ನ ಕೇಳೂದಕ್ಕೂ ಒಂದು ರೀತಿ ಐತಿ. ‘ಕಾಕಾ, ಯಾವ ಇಸ್ವಿದಾಗ ತಂದ್ರಿ?’ ಅಂದ್ರ ‘ಭಾಳ ವರ್ಷ ಆತಪ್ಪಾ’ ಅಂತಾರ, ಮುಗೀತು. ಅದರ ಬದ್ಲಿ ‘ಎಪ್ಪತ್ತೆರಡರ ಬರದಾಗ ಈ ಇಂಜಿನ್ ಇತ್ತೇನ್ರಿ?’ ಅಂತ ಕೇಳ್ರಿ. ಬರ ಯಾರೂ ಮರತಿಲ್ಲ, ಬಾವಿ ಬತ್ತಿದ್ದು, ಜೋಳ ಸಿಗದ ಗೋಧಿ ತಿಂದಿದ್ದು, ಇಂಜಿನ್ ಇತ್ತೋ ಇಲ್ಲೋ ಎಲ್ಲಾ ನೆನಪಿರ್ತೈತಿ. ಕರೆಂಟ್ ಬರೂಕಿಂತ ಮೊದ್ಲೋ ಆಮ್ಯಾಲೋ, ದೊಡ್ಡ ಕಾಕಾನ ಮದವಿ ಆಗಿತ್ತೋ ಇಲ್ಲೋ, ಹಿಂಗ ಎರಡು ಕಡೆಯಿಂದ ಒತ್ತಿಕೊಂತ ಬರ್ರಿ. ಮತ್ತ ಒಬ್ರನ್ನ ಕೇಳಿ ಬಿಡಬ್ಯಾಡ್ರಿ, ಇಂಜಿನ್ ತಂದ ದಿನಾ ಚಕ್ಕಡ್ಯಾಗಿಂದ ಇಳಿಸಿದವ್ರು ಯಾರರೆ ಇದ್ರ ಮನಿಯವ್ರಿಗಿಂತ ಅವ್ರಿಗೇ ಹೆಚ್ಚು ಗೊತ್ತಿರ್ತೈತಿ.

ಜಾತಿ ಗೊತ್ತಾತು ಅಂದ್ರ ಸ್ಪೇರ್ ಸಿಗೂದು ತ್ರಾಸ ಇಲ್ಲ. ಲಿಸ್ಟರ್ ಟೈಪ್ ಸಾಮಾನು ಕೊಲ್ಹಾಪುರದಾಗ ಸಿಗ್ತೈತಿ, ಇಲ್ಲಾ ರಾಜಕೋಟದಿಂದ ತರಸ್ತಾರ. ಬುಷ್, ಗಾಲಿ, ಎರಕದ ಪಾರ್ಟ್ ಮುರಿದಿದ್ರ ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪಿನ್ಯಾಗ ನಮೂನಾ ಕೊಟ್ಟು ಮಾಡಿಸಬಹುದು. ಲಿಸ್ಟರ್ ಜಾತಿಗೆ ಇಂಚಿನ ಪಾನಾ ಬೇಕು, ಮಿಲಿಮೀಟರ್ ಪಾನಾ ಹಾಕಿ ಬೋಲ್ಟಿನ ಮೂಲಿ ಸವೆಸಬ್ಯಾಡ್ರಿ. ಅಂಗಡಿಗೆ ಹೋಗೂ ಮುಂದ ‘ನಮ್ಮ ಅಜ್ಜನ ಇಂಜಿನ್ನಿಗೆ ರಿಂಗ್ ಕೊಡ್ರಿ’ ಅಂದ್ರ ಅಂವ ನಗ್ತಾನ, ‘ಆರು ಎಚ್‌ಪಿ, 650, ಬೋರ್ ಇಷ್ಟು, ಇಷ್ಟು ಓವರ್‌ಸೈಜ್’ ಅಂತ ಚೀಟಿ ಬರದು ಒಯ್ರಿ, ಜೋಡಿಗೆ ಹಳೆ ರಿಂಗ್ ಒಂದು ಕಿಸೇದಾಗ ಇಟ್ಕೋರಿ, ಮತ್ತ ಹೊಸಾದು ಕೊಟ್ಟಕೂಡ್ಲೆ ರೊಕ್ಕ ಕೊಡೂಕಿಂತ ಮೊದ್ಲ ಅಲ್ಲೇ ಕೌಂಟರ್ ಮ್ಯಾಲೆ ಎರಡೂ ಒಂದರ ಮ್ಯಾಲೊಂದು ಇಟ್ಟು ನೋಡ್ರಿ.